ಪೆಟ್ಟಿಗೆಗೆ ಹಿಡಿದ ಟೇಪು

ಹೋದ ಭಾನುವಾರ ಬೆಳಿಗ್ಗೆ ಶಿವಮೊಗ್ಗದ ರವೀಂದ್ರನಗರದ ನಮ್ಮ ಬಾಡಿಗೆ ಮನೆಯ ಕೆಳಗೆ ಇಸ್ತ್ರಿ ಗಾಡಿಯವನು ನೀರು ಚಿಮುಕಿಸಿದ ಖಾಕಿ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿ ಎಳೆದ. ಹಬೆ, ಹೊಗೆ, ಹೊಸ ಬಟ್ಟೆ ಮೂರೂ ಬೆರೆತ ವಾಸನೆ ಮೇಲೆ ಬಂತು. ಹಲ್ಲುಜ್ಜುತ್ತಿದ್ದವಳು ಬಾಲ್ಕನಿಯಲ್ಲೇ ನಿಂತೆ. ಅದು ಭದ್ರಾವತಿಯ ಟೈಲರ್ ಮಾಸ್ಟರ ಅಂಗಡಿಯ ವಾಸನೆ. ಆ ದಿನದ ಡೈರಿಯಲ್ಲಿ ಅಷ್ಟನ್ನೇ ಬರೆದೆ. ಮುಂದೆ ಬರೆಯಲು ಏನೂ ತೋಚಲಿಲ್ಲ…

ನಾವು ಆಗ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಅಲ್ಲಿನ ಕಾಗದದ ಮಿಲ್ಲಿನ ನೌಕರ. ಮಾಸ್ಟರ ಅಂಗಡಿ ನಮ್ಮ ಬೀದಿಯ ಕೊನೆಗೆ, ಮನೆ ಅಂಗಡಿಯ ಹಿಂದೆ. ಮಿಲ್ಲಿನವರ ಖಾಕಿ, ಶಾಲೆಯ ಮಕ್ಕಳ ನೀಲಿ, ಎಲ್ಲ ಅವರ ಕೈಯಲ್ಲೇ ಹೊಲಿಗೆಯಾಗುತ್ತಿತ್ತು. ಮಿಲ್ಲು ನಿಂತಿತು, ಖಾಕಿ ಬರುವುದು ನಿಂತಿತು. ‘ಇನ್ನೇನು ಶುರುವಾಗುತ್ತೆ’ ಎಂದು ಬಂದವರೆಲ್ಲ ಹೇಳಿ ಹೋದರು. ಮಾಸ್ಟರು ಖಾಕಿ ದಾರದ ಉಂಡೆಗಳನ್ನು ಹಾಗೇ ಇಟ್ಟುಕೊಂಡಿದ್ದರು. ಅಪ್ಪನೂ ತಮ್ಮ ಹಳೆಯ ಸಮವಸ್ತ್ರ ಹಾಗೇ ಇಟ್ಟುಕೊಂಡಿದ್ದರು.

ಮಾಸ್ಟರಿಗೆ ಮದುವೆಯಾಗಿರಲಿಲ್ಲ. ವಯಸ್ಸಾದ ತಾಯಿ, ತಮಗಿಂತ ತುಂಬ ಚಿಕ್ಕವನಾದ ಒಬ್ಬ ತಮ್ಮ. ತಂದೆ ಬೇಗ ಹೋಗಿದ್ದರಿಂದ ತಮ್ಮನನ್ನು ಬೆಳೆಸಿದವರು ಇವರೇ. ತಮ್ಮ ಹುಟ್ಟಿದಾಗ ತೊಟ್ಟ ಅಂಗಿಯಿಂದ ಹಿಡಿದು ಎಲ್ಲವೂ ಇವರ ಹೊಲಿಗೆ. ಅವನು ಹೊರದೇಶದ ದೊಡ್ಡ ಅಂಗಡಿಯೊಂದಕ್ಕೆ ಸಾಮಾನು ಸಾಗಿಸುವ ವ್ಯಾನ್ ಡ್ರೈವರ್ ಆಗಿ ಹೊರಟ ದಿನ ನಾನು ಯೂನಿಫಾರ್ಮ್ ತರಲು ಹೋಗಿದ್ದೆ. ಮಾಸ್ಟರು ಅಂಗಿಗಳನ್ನು ಮಡಿಸಿ ಬ್ಯಾಗಿಗೆ ತುಂಬುತ್ತಿದ್ದರು.

“ಅಲ್ಲಿ ರೆಡಿಮೇಡ್ ಹಾಕ್ಕೊಂಡು ನನ್ನ ಮಾನ ಕಳೀಬೇಡ ಮಾರಾಯ.”

“ಹಾಕ್ಕೊಂಡ್ರೂ ನಿಂಗೆ ಹೆಂಗೆ ಗೊತ್ತಾಗುತ್ತೆ ಭಾಯ್?”

“ಫೋಟೋದಲ್ಲಿ ಕಾಲರ್ ನೋಡಿದ್ರೆ ಸಾಕು ನಂಗೆ.”

ಆಮೇಲೆ ಮಾಸ್ಟರು ಆ ದೇಶದ ಹೆಸರನ್ನು ಹೇಳುತ್ತಲೇ ಇರಲಿಲ್ಲ. ‘ಅಲ್ಲಿ’ ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ನಾನು ಎರಡನೇ ಪಿಯುಸಿಯಲ್ಲಿದ್ದಾಗ, ಒಂದು ಶನಿವಾರ, ಅಲ್ಲಿ ಒಬ್ಬ ಬಂದೂಕು ಹಿಡಿದು ಆ ಅಂಗಡಿಯೊಳಗೆ ಹೋಗಿ ಕಂಡವರ ಮೇಲೆಲ್ಲ ಗುಂಡು ಹಾರಿಸಿದ. ಸತ್ತವರ ಸಂಖ್ಯೆಯನ್ನು ಟಿವಿಯವರು ಮೊದಲ ದಿನ ಒಂದು ಹೇಳಿದರು, ಮರುದಿನ ಹೆಚ್ಚು ಹೇಳಿದರು, ಮೂರನೆಯ ದಿನ ಕಡಿಮೆ ಮಾಡಿದರು. ಮೂರನ್ನೂ ಬರೆದಿಟ್ಟೆ. ಅದು ನನ್ನ ಅಭ್ಯಾಸ. ಮಳೆ, ಕರೆಂಟು ಹೋದದ್ದು, ಬಸ್ಸು ತಡವಾದದ್ದು, ಎಲ್ಲವನ್ನೂ ಬರೆಯುತ್ತೇನೆ. ನಾಲ್ಕನೆಯ ದಿನ ಸತ್ತವರ ಪಟ್ಟಿಯಲ್ಲಿ ಮಾಸ್ಟರ ತಮ್ಮನ ಹೆಸರು ಬಂತು.

ಪೆಟ್ಟಿಗೆ ಬಂದದ್ದು ಎರಡು ವಾರದ ಮೇಲೆ, ಮಂಗಳವಾರ ಮಧ್ಯಾಹ್ನ. ಆಂಬ್ಯುಲೆನ್ಸ್ ಜೊತೆ ಇಬ್ಬರು ಪೊಲೀಸರು, ಕೈಯಲ್ಲಿ ಕಾಗದ ಹಿಡಿದ ಒಬ್ಬ ಅಧಿಕಾರಿ. ಸೀಲ್ ತೆಗೆಯುವಂತಿಲ್ಲ, ಸಂಜೆಯೊಳಗೆ ಮಣ್ಣು ಮಾಡಬೇಕು ಎಂದರು. ಮುಸಲ್ಮಾನರಾದ ಅವರಲ್ಲಿ ಹೆಣಕ್ಕೆ ಸ್ನಾನ ಮಾಡಿಸಬೇಕು, ಕಫನ್ ಬಟ್ಟೆ ಸುತ್ತಬೇಕು, ಮನೆಯವರು ಕೊನೆಯದಾಗಿ ಮುಖ ನೋಡಬೇಕು. ಯಾವುದೂ ಇಲ್ಲ ಎಂದಾಗ ಒಳಗಿನಿಂದ ತಾಯಿಯ ಅಳು ಕೇಳಿತು. ಮಾಸ್ಟರು ಅಳಲಿಲ್ಲ. ಕೊರಳಲ್ಲಿದ್ದ ಟೇಪನ್ನು ತೆಗೆದು ಪೆಟ್ಟಿಗೆಯ ತಲೆಯಿಂದ ಬುಡದವರೆಗೆ ಹಿಡಿದರು. ಅಂಗಡಿಯ ಮೆಟ್ಟಿಲ ಮೇಲೆ ನಾನೂ ಅಮ್ಮನೂ ನಿಂತಿದ್ದೆವು. ಯಾರೂ ಅವರನ್ನು ತಡೆಯಲಿಲ್ಲ.

“ಇದು ನನ್ನ ತಮ್ಮಂದಲ್ಲ,” ಎಂದರು. “ಇಷ್ಟುದ್ದ ಎಲ್ಲಿದಾನೆ ಅವನು? ಅವನ ಅಳತೆ ನನ್ನ ಕೈಲಿದೆ.”

ಅಧಿಕಾರಿ ಮೆತ್ತಗೇ ಹೇಳಿದರು. “ಪೆಟ್ಟಿಗೆ ಎಲ್ಲರಿಗೂ ಒಂದೇ ಸೈಜ್ ಬರುತ್ತೆ ಮಾಸ್ಟ್ರೇ. ರೆಡಿಮೇಡ್ ಇದ್ದ ಹಾಗೆ.”

ಮಾಸ್ಟರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಎಲ್ಲರ ಜೊತೆ ಖಬರಸ್ತಾನಕ್ಕೆ ಹೋದರು. ಆದರೆ ಮಣ್ಣು ಹಾಕಲಿಲ್ಲ ಎಂದು ಅಪ್ಪ ಬಂದು ಹೇಳಿದರು.

ಮೂರನೆಯ ದಿನ ಅಂಗಡಿ ತೆರೆದರು. ಗಿರಾಕಿಗಳು ಮೊಬೈಲಿನಲ್ಲಿ ಬಂದ ವಿಡಿಯೋಗಳನ್ನು ಅವರಿಗೆ ಕಳಿಸತೊಡಗಿದರು. ಗುಂಡಿನ ದಾಳಿಯೇ ನಾಟಕ, ಬಿದ್ದವರೆಲ್ಲ ಕೂಲಿ ನಟರು, ಎರಡೂ ಸರ್ಕಾರಗಳು ಸೇರಿ ಜನರನ್ನು ಎಲ್ಲೋ ಅಡಗಿಸಿಟ್ಟಿವೆ ಎಂದು ಒಬ್ಬ ಹಿಂದಿಯಲ್ಲಿ ವಿವರಿಸುತ್ತಿದ್ದ. ಕಳಿಸಿದವರು ನೋಡಿ ಮರೆತರು. ಮಾಸ್ಟರು ಮರೆಯಲಿಲ್ಲ. ಒಂದು ದಿನ ನನ್ನನ್ನು ಕರೆದು ಒಂದು ವಿಡಿಯೋ ನಿಲ್ಲಿಸಿ ತೋರಿಸಿದರು. ನೆಲದ ಮೇಲಿದ್ದ ಒಬ್ಬ ಎದ್ದು ಓಡುತ್ತಿದ್ದ. ನೀಲಿ ಚೌಕಳಿ ಅಂಗಿ.

“ಕಾಲರ್ ನೋಡು ಮಗಾ. ನನ್ನ ಕೈ ಹೊಲಿಗೆ.”

ನನಗೆ ಕಂಡದ್ದು ಮಸುಕಾದ ನೀಲಿ. ಕಾಣುವುದಿಲ್ಲ ಎಂದೆ.

“ನಿಂಗೆ ಹೆಂಗೆ ಕಾಣುತ್ತೆ? ನಿಂದು ಬರೆಯೋ ಕೈ. ಹೋಗ್ಲಿ, ಟಿವೀಲಿ ಮೊದಲನೇ ದಿನ ಎಷ್ಟು ಜನ ಅಂದಿದ್ರು? ನೀನು ಬರ್ಕೊಂಡಿರ್ತೀಯ.”

ಹೇಳಿದೆ. ಮೂರು ದಿನದ್ದೂ ಹೇಳಿದೆ.

“ನೋಡಿದ್ಯಾ? ಸತ್ತೋರು ಕಮ್ಮಿ ಆಗ್ತಾರಾ?”

ಅಪ್ಪ ಒಂದು ಸಂಜೆ ಅವರ ಜೊತೆ ಕೂತು ತಿಳಿಸಿ ಹೇಳಲು ನೋಡಿದರು.

“ಸರ್ಕಾರದೋರು ಕಾಗದದ ಮೇಲೆ ಬರ್ದು ಕೊಟ್ಟಿದಾರೆ ಮಾಸ್ಟ್ರೇ. ಸುಳ್ಳು ಹೇಳಿ ಅವರಿಗೇನು ಸಿಗುತ್ತೆ?”

“ಮಿಲ್ ಮತ್ತೆ ತೆಗೀತೀವಿ ಅಂದೋರು ಯಾರಣ್ಣ? ಅವರೇ ಅಲ್ವಾ? ನಿಂಗೆ ಅದರಲ್ಲಿ ಏನು ಸಿಕ್ತು ಹೇಳು.”

ಅಪ್ಪ ಚಹಾ ಕುಡಿದು ಎದ್ದು ಬಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಹೀಗೆ ನಲವತ್ತನೆಯ ದಿನ ಹತ್ತಿರ ಬಂತು. ಅಂದು ಸತ್ತವರ ಹೆಸರಿನಲ್ಲಿ ಫಾತಿಹಾ ಪ್ರಾರ್ಥನೆ ಓದಿಸಿ ನಾಲ್ಕು ಜನಕ್ಕೆ ಊಟ ಹಾಕಬೇಕು. ತಾಯಿಗೆ ಉಳಿದಿದ್ದ ಆಸೆ ಅದೊಂದೇ. ಮುಖ ನೋಡಲಿಲ್ಲ, ಇದಾದರೂ ಆಗಲಿ ಎಂದು ನಮ್ಮ ಅಮ್ಮನ ಹತ್ತಿರ ಬಂದು ಹೇಳಿಕೊಂಡರು. “ನೀನಾದ್ರೂ ಹೇಳಮ್ಮ ಅವನಿಗೆ. ನನ್ನ ಮಾತು ಕೇಳಲ್ಲ. ಓದಿಸ್ದೇ ಇದ್ರೆ ಆ ಹುಡುಗ ನಡುದಾರೀಲಿ ನಿಂತಂಗೆ.”

ಅಮ್ಮ ಹೇಳಿದಳು. ಮಾಸ್ಟರು ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆಯೇ ಉತ್ತರ ಕೊಟ್ಟರು: “ಬದುಕಿರೋನಿಗೆ ಯಾರಾದ್ರೂ ಫಾತಿಹಾ ಓದಿಸ್ತಾರಾ ಅಕ್ಕ? ನಾಳೆ ಅವನು ಬಂದ್ರೆ ಏನು ಹೇಳ್ಲಿ?”

ನಲವತ್ತನೆಯ ದಿನ ಗುರುವಾರ. ಬೆಳಿಗ್ಗೆಯಿಂದ ಸಂಜೆಯವರೆಗೆ ಯಂತ್ರದ ಸದ್ದು ಕೇಳುತ್ತಲೇ ಇತ್ತು. ತಾಯಿ ಹಿಂಬಾಗಿಲಲ್ಲಿ ಕೂತಿದ್ದರು…

ಎರಡು ವರ್ಷ ಕಳೆಯಿತು. ಹಬ್ಬಕ್ಕೆ ಎಲ್ಲರ ಬಟ್ಟೆಗಳ ಜೊತೆ ತಮ್ಮನಿಗೂ ಒಂದು ಅಂಗಿ ಹೊಲಿಯುತ್ತಿದ್ದರು. ದಪ್ಪ ಆಗಿರ್ತಾನೆ ಎಂದು ಅರ್ಧ ಇಂಚು ಸಡಿಲ ಬಿಡುತ್ತಿದ್ದರು. ಬೀದಿಯವರಿಗೆ ಅದು ರೂಢಿಯಾಯಿತು, ಕೆಲವರು ನಗುತ್ತಿದ್ದರು. ಮೂರನೆಯ ವರ್ಷ ತಾಯಿ ಹಾಸಿಗೆ ಹಿಡಿದರು. ಕೊನೆಗೆ ಮಗನ ಕೈ ಹಿಡಿದು ಕೇಳಿದ್ದು ಚಿಕ್ಕವನಿಗೆ ಫಾತಿಹಾ ಓದಿಸು ಎಂಬ ಆ ಒಂದೇ ಮಾತನ್ನು. ಮಾಸ್ಟರು ಹೂಂ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ ಎಂದು ಪಕ್ಕದಲ್ಲಿದ್ದ ಅಮ್ಮ ಹೇಳಿದಳು. ಅದೇ ರಾತ್ರಿ ತಾಯಿ ತೀರಿಕೊಂಡರು.

ತಾಯಿಯ ನಲವತ್ತಕ್ಕೆ ನಮ್ಮನ್ನೂ ಕರೆದಿದ್ದರು. ನಾನೂ ಅಪ್ಪನೂ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತರು ಓದುವ ಮೊದಲು ಯಾರ ಹೆಸರಿಗೆ ಎಂದು ಕೇಳಿದರು. ಮಾಸ್ಟರು ತಾಯಿಯ ಹೆಸರು ಹೇಳಿದರು. ಹಜರತರು ಕೈ ಎತ್ತಿದರು. “ತಡೀರಿ,” ಎಂದರು ಮಾಸ್ಟರು. ಗೋಡೆ ನೋಡುತ್ತ ತಮ್ಮನ ಹೆಸರನ್ನೂ ಹೇಳಿದರು.

ಊಟವಾದ ಮೇಲೆ ಬಾಗಿಲವರೆಗೆ ಬಂದು ಅಪ್ಪನಿಗೆ ಹೇಳಿದರು: “ಅಮ್ಮಿ ಕೇಳಿದ್ರು ಅಂತ ಓದಿಸ್ದೆ ಅಣ್ಣ. ನಂಬಿ ಅಲ್ಲ.”

ಮುಂದಿನ ಹಬ್ಬಕ್ಕೂ ಅಂಗಿ ಹೊಲಿದರು.

ನಾನು ಕೆಲಸ ಸಿಕ್ಕು ಶಿವಮೊಗ್ಗಕ್ಕೆ ಬಂದೆ. ದೂರವೇನಲ್ಲ, ಆದರೂ ಹೋಗುವುದು ಕಡಿಮೆಯಾಯಿತು. ಈ ವರ್ಷದ ಆರಂಭದಲ್ಲಿ ಮಾಸ್ಟರು ಯಂತ್ರದ ಮುಂದೆ ಕೂತಲ್ಲೇ ತೀರಿಕೊಂಡರು. ನನಗೆ ಗೊತ್ತಾದದ್ದು ಮರುದಿನ. ಡೈರಿಯಲ್ಲಿ ಬರೆದುಕೊಂಡೆ, ಆಫೀಸಿಗೆ ಹೋದೆ. ಅಳು ಬರಲಿಲ್ಲ, ಈಗಲೂ ಬಂದಿಲ್ಲ.

ಆ ಭಾನುವಾರ ಬಾಲ್ಕನಿಯಿಂದ ಒಳಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಮಾಸ್ಟರ ನಲವತ್ತು ಯಾರು ಮಾಡಿದರು ಎಂದು ಕೇಳಿದೆ. ಮಸೀದಿಯವರೇ ಸೇರಿ ಮಾಡಿದರಂತೆ, ಅಪ್ಪನೂ ಹೋಗಿದ್ದರಂತೆ. ಹಜರತರು ಯಾರನ್ನೂ ಕೇಳದೆ ತಾಯಿ, ತಮ್ಮ, ಮಾಸ್ಟರು, ಮೂವರ ಹೆಸರನ್ನೂ ಓದಿದರಂತೆ.

“ತಮ್ಮನ ಹೆಸರು ಓದಿದ್ದಕ್ಕೆ ಯಾರೂ ಏನೂ ಅನ್ನಲಿಲ್ವಾ ಅಪ್ಪ?”

“ಅನ್ನೋರು ಯಾರು ಉಳಿದಿದಾರಮ್ಮ?” ಎಂದರು ಅಪ್ಪ.