ಚೀನಾ ಬೇರಿನ ಪಂಡಿತರು

ಏಕೀಕರಣದ ಕಾಲದಲ್ಲಿ ಬೆಟಗೇರಿಯ ನಮ್ಮ ಓಣಿಗೆ ಒಬ್ಬ ಪಂಡಿತರು ಬರುತ್ತಿದ್ದರು. ಮುಂಬಯಿಯಲ್ಲಿ ಚೀನೀ ವೈದ್ಯನೊಬ್ಬನ ಕೈಕೆಳಗಿದ್ದು, ಮರೆವಿಗೆ ಬೇರಿನ ಕಷಾಯ ಕುದಿಸುವುದನ್ನು ಕಲಿತು ಬಂದವರು. ಮೂಗೇರಿಸಿ, "ನೆನಪು ಹೋಗಿಲ್ಲರಿ, ಮಲಗೈತಿ" ಎನ್ನುತ್ತಿದ್ದರು. ಅದನ್ನೇ ಅಣಕಿಸಿ ನಾನು ಓಣಿಯನ್ನು ನಗಿಸುತ್ತಿದ್ದೆ. ಪರೀಕ್ಷೆಯ ದಿನ ಮಾತ್ರ ನನ್ನ ನೆನಪೂ ಮಲಗಿಯೇ ಇರುತ್ತಿತ್ತು.

ಅಜ್ಜಿ ಎರಡು ಸಲ ಮರೆತು ಹಾಲು ಉಕ್ಕಿಸಿದಳು. ಅವಳಿಗೆ ಮರೆವು ಖರೆಯಾದರೆ ಉಗ್ರಾಣದ ಕೀಲಿಕೈ ತಾನೇ ಇಟ್ಟುಕೊಳ್ಳುವುದೆಂದು ಅಪ್ಪ ಪಂಡಿತರನ್ನು ಕರೆಸಿದ.

"ನಿಮ್ಮ ಯಜಮಾನರ ಹೆಸರೇನ್ರಿ ಅವ್ವಾರ?" ಎಂದರು ಪಂಡಿತರು.

ಅಜ್ಜಿ ಸೆರಗೆಳೆದುಕೊಂಡು ಸುಮ್ಮನಾದಳು.

"ಪೂರಾ ಮರತಾರ. ಆರು ತಿಂಗಳು ಬೇರು ಕುಡೀಬೇಕು."

ಅಪ್ಪ ಕೈ ಚಾಚಿದ. ಅಜ್ಜಿ ಸೊಂಟದ ಕೀಲಿಕೈ ಗಟ್ಟಿಯಾಗಿ ಹಿಡಿದು ಪಂಡಿತರನ್ನು ಕೇಳಿದಳು: "ನಿಮ್ಮ ಮನಿಯಾಕಿ ನಿಮ್ಮ ಹೆಸರು ಹೇಳತಾಳೇನ್ರಿ?"

"ಛೇ, ಗಂಡನ ಹೆಸರು ಯಾರರ ಹೇಳತಾರೇನ್ರಿ..." ಎಂದವರು ತಟ್ಟನೆ ಅಜ್ಜಿಯ ಮುಖ ನೋಡಿದರು. ಅಪ್ಪನ ಕೈ ಮೆಲ್ಲಗೆ ಹಿಂದೆ ಸರಿಯಿತು.

"ಎಲ್ಲಾರಿಗೂ ಇದನ್ನ ಕೇಳತೀರೇನು?" ಎಂದಳು ಅಜ್ಜಿ.

ಪಂಡಿತರು ಗಡಬಡಿಸಿ ಚೀಲ ಹೆಗಲಿಗೇರಿಸಿದರು. "ಹೌದವ್ವಾ. ಮುಂಡರಗಿಯಾಗ ಹನ್ನೆರಡು ಮಂದಿ ಹೆಣಮಕ್ಕಳು ಬೇರು ಕುಡ್ಯಾಕ ಹತ್ಯಾರ. ಜಲ್ದಿ ಹೋಗಿ ಬಿಡಸಬೇಕು."