ಮಗ್ಗದ ಸದ್ದು ಕೇಳಿ ಬಂದ ಕಲಾವಿದರು

ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಕಲೆ ಕಾರಿನಲ್ಲಿ ಬಂತು. ಬೆಂಗಳೂರಿನ ಇಬ್ಬರು: ಸಂಗೀತದ ಹುಡುಗ, ವಿಡಿಯೋದ ಹುಡುಗಿ. ಯಂತ್ರಗಳು ಮನುಷ್ಯನಿಂದ ಏನೇನು ಕಿತ್ಕೊಂಡಿವೆ ಅಂತ ತೋರಿಸ್ತೀವಿ, ನಿಮ್ಮ ಪವರ್‌ಲೂಮ್ ಸದ್ದು ಬೇಕು ಅಂದರು. ಶೆಡ್ಡಿನ ಬಾಗಿಲಲ್ಲಿ ನಿಂತು ಆ ಹುಡುಗ "ವಾವ್" ಅಂತ ಎದೆ ಮುಟ್ಟಿಕೊಂಡ. ಅದೇ ಸದ್ದಲ್ಲಿ ಹುಟ್ಟಿ, ಉಂಡು, ಮಲಗಿದವರು ನಾವು. ಒಂದು ದಿನವೂ ಎದೆ ಮುಟ್ಟಿಕೊಂಡವರಲ್ಲ.

ಅಪ್ಪನ ಎಡಗಿವಿ ಎಂದೋ ಹೋಗಿತ್ತು. ಬಲಗಿವೀನಾದ್ರೂ ಉಳಿಸ್ಕೊಳ್ಳಿ, ಮಗ್ಗದ ಹತ್ತಿರ ಸುಳೀಬೇಡಿ ಅಂದಿದ್ದರು ಡಾಕ್ಟರು. ಹಾಗಾಗಿ ಮಗ್ಗ ನಡೆಸುತ್ತಿದ್ದವಳು ನಾನು. ಆದರೆ ಕಲೆಗೆ ನಾನು ಸಾಲಲಿಲ್ಲ. "ಮುಖದಲ್ಲಿ ಇತಿಹಾಸ ಇರಬೇಕು ಮೇಡಂ" ಅಂದಳು ಹುಡುಗಿ. ನನ್ನ ಮುಖದಲ್ಲಿ ಬರೀ ಬೆವರಿತ್ತು.

ಅಪ್ಪನೇ ಮಗ್ಗದ ಮುಂದೆ ನಿಲ್ಲಬೇಕಂತೆ. ಡಾಕ್ಟರ್ ಬೇಡ ಅಂದಿದ್ದಾರೆ ಅಂದೆ. ಹುಡುಗ ನೇರ ಅಪ್ಪನ ಹತ್ತಿರ ಹೋಗಿ, "ಅಂಕಲ್, ಒಂದೇ ಒಂದು ಬೆಳಿಗ್ಗೆ. ತೊಂದ್ರೆ ಇಲ್ಲ ತಾನೇ?" ಅಂದ. ಅಪ್ಪ ನಕ್ಕು ತಲೆಯಾಡಿಸಿದ. ಮಗ್ಗದ ಮನೆಯವರೇ ಹಾಗೆ. ಯಾರು ಏನಂದರೂ ಮೊದಲು ತಲೆಯಾಡಿಸೋದು, ವಿಷಯ ಆಮೇಲೆ ಹೊರಗೆ ಬಂದು ಕೇಳೋದು. ಒಂದು ಸಲ ನನ್ನ ಮದುವೇನೂ ಹಾಗೇ ಒಪ್ಪಿಬಿಟ್ಟಿದ್ದ, ಬಿಡಿಸಿಕೊಳ್ಳೋಕೆ ಅಮ್ಮನಿಗೆ ವಾರ ಹಿಡೀತು. "ನೋಡಿ, ಅಂಕಲ್ಲೇ ಒಪ್ಪಿದ್ರು" ಅಂದ ಪುಣ್ಯಾತ್ಮ. ನಾನಾದರೂ ಗದರಬೇಕಿತ್ತು. ಕ್ಯಾಮೆರಾ ನೋಡಿ ಬಾಯಿ ಕಟ್ಟಿತ್ತು, ಥೂ ನನ್ನ ಜನ್ಮಕ್ಕೆ.

ಸದ್ದು ಚೆದುರಬಾರದಂತೆ. ಕಿಟಕಿ, ಬಾಗಿಲು ಎಲ್ಲ ಮುಚ್ಚಿಸಿ ನಾಲ್ಕೂ ಮಗ್ಗ ಒಟ್ಟಿಗೆ ಓಡಿಸಿದರು. ಅವರಿಬ್ಬರ ಕಿವಿಗೂ ದಪ್ಪ ಹೆಡ್‌ಫೋನು. ನಡುವೆ ಇಸ್ತ್ರಿ ಅಂಗಿ ಹಾಕಿಕೊಂಡ ಅಪ್ಪ, ಬರಿಗಿವಿಯಲ್ಲಿ. ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಮಧ್ಯಾಹ್ನ ಮಾಡಿದರು. ಸಂಜೆ ಅಮ್ಮ ಕಾಫಿಗೆ ಕರೆದಳು, ಅಪ್ಪ ತಿರುಗಲಿಲ್ಲ. ನಾಳೆ ಸರಿಹೋಗುತ್ತೆ ಅಂದುಕೊಂಡೆವು. ಸರಿಹೋಗಲಿಲ್ಲ.

ಫೋನ್ ಮಾಡಿ ಹೇಳಿದೆ. "ಅಯ್ಯೋ ಹೌದಾ?" ಅಂದಳು ಹುಡುಗಿ. ಒಂದು ಉಸಿರು ಬಿಟ್ಟು, "ಇದನ್ನೂ ನಮ್ಮ ಪ್ರದರ್ಶನದ ಬರಹದಲ್ಲಿ ಸೇರಿಸ್ಬಹುದಾ ಮೇಡಂ?" ಅಂತ ಕೇಳಿದಳು. ಬೈಗುಳ ಬೇಕಾದಷ್ಟು ಬರುತ್ತವೆ ನನಗೆ, ಅವತ್ತು ಫೋನ್ ಕಟ್ ಮಾಡಿದ್ದಷ್ಟೇ.

ಪ್ರದರ್ಶನಕ್ಕೆ ಹೋಗಲೇಬೇಕು ಅಂತ ಹಟ ಹಿಡಿದವನು ಅಪ್ಪನೇ. "ಮಾತು ಕೇಳದಿದ್ರೆ ಹೋಗ್ಲಿ ಕಣಮ್ಮ, ಮಗ್ಗದ ಸದ್ದು ನಂಗೆ ಕೇಳೇ ಕೇಳುತ್ತೆ" ಅಂದ. ಆ ನಂಬಿಕೆಯೊಂದೇ ಅವನಿಗೆ ಉಳಿದಿತ್ತು. ನನಗೂ ಅಷ್ಟೇ.

ಬೆಂಗಳೂರಿನ ಆ ಪ್ರದರ್ಶನದ ಹಾಲ್ ಬಾಗಿಲಲ್ಲಿ ಒಂದು ಬುಟ್ಟಿ, ಅದರ ತುಂಬ ಕಿವಿಗೆ ಇಟ್ಟುಕೊಳ್ಳೋ ಹತ್ತಿಯುಂಡೆ. ಒಳಗೆ ಸದ್ದು ಜಾಸ್ತಿ, ಕಿವಿ ಜೋಪಾನ ಅಂತ ನಗುನಗುತ್ತಾ ಎಲ್ಲರಿಗೂ ಹಂಚುತ್ತಿದ್ದರು. ಒಳಗೆ ಗೋಡೆಯಗಲ ಅಪ್ಪನ ಮುಖ. ನಾಲ್ಕು ಮಗ್ಗದ ಸದ್ದಿಗೆ ಪಿಟೀಲು ಬೇರೆ ಸೇರಿಸಿದ್ದರು. ಬಂದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಪ್ಪ ಗೋಡೆ ನೋಡಿದ, ಜನರನ್ನು ನೋಡಿದ, ನನ್ನ ತೋಳು ಹಿಡಿದು ಮಗ್ಗದವರ ಆ ದೊಡ್ಡ ಗಂಟಲಲ್ಲಿ ಕೇಳಿದ: "ಎಲ್ರೂ ಬಂದಾಯ್ತಲ್ಲಮ್ಮ, ಸದ್ದು ಯಾವಾಗ ಹಾಕ್ತಾರೆ?"

ಮುಂದಿದ್ದ ಒಬ್ಬಾಕೆ ಒದ್ದೆ ಕಣ್ಣಲ್ಲೇ ತಿರುಗಿ, ತುಟಿ ಮೇಲೆ ಬೆರಳಿಟ್ಟು, ಶ್ ಅಂದಳು.