ನಮ್ಮ ಕಬ್ಬಿಗೆ ಇಳಿಯದ ಹಕ್ಕಿಗಳು

ದಸರೆಯ ಆಸುಪಾಸಿನಲ್ಲಿ ಮಿರಜಿನ ಹತ್ತಿರದ ಸಮಡೋಳಿಯ ನಮ್ಮ ಹೊಲಕ್ಕೆ ಬಾಲ ಕುಣಿಸುವ ಒಂದು ಸಣ್ಣ ಹಕ್ಕಿ ಬರುತ್ತದೆ. ಎದೆ ಹಳದಿ, ನಡಿಗೆ ಚುರುಕು. ಪುಸ್ತಕದ ಕನ್ನಡದಲ್ಲಿ ಅದು ಸಿಪಿಲೆಯಂತೆ. ಮರಾಠಿಯವರು ಪರೀಟ, ಅಂದರೆ ಅಗಸ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಅದೇ ಹೆಸರು. ಹಗಲೆಲ್ಲ ನೀರು ಬಿಟ್ಟ ಸಾಲುಗಳಲ್ಲಿ ಒಂದೊಂದೇ ಓಡಾಡಿ ಹುಳ ಹೆಕ್ಕುತ್ತದೆ. ಸಂಜೆಯಾದರೆ ಎಲ್ಲಿಂದಲೋ ನೂರಾರು ಕೂಡಿ ಬಂದು, ಒಂದು ಸುತ್ತು ಹಾಕಿ, ಬೆಳೆದು ನಿಂತ ಕಬ್ಬಿನೊಳಗೆ ಇಳಿದು ಮಲಗುತ್ತವೆ.

ನಾವು ಜೈನರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಪಾತ್ರೆ ತೊಳೆದಿಟ್ಟು ಅತ್ತೆ ಹಿತ್ತಲ ಬಾಗಿಲಲ್ಲಿ ಕೂತರೆಂದರೆ ಹಕ್ಕಿಗಳು ಕಬ್ಬಿಗೆ ಇಳಿಯುವ ತನಕ ಏಳುತ್ತಿರಲಿಲ್ಲ. “ಬಂದ್ರು ನೋಡು ನಮ್ಮ ಬೀಗರು,” ಎನ್ನುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ನನಗೆ ಹಕ್ಕಿಯ ಹುಚ್ಚಿರಲಿಲ್ಲ. ಅತ್ತೆ ಎದ್ದರೆ ಬಾಗಿಲು ಗುಡಿಸಬಹುದಿತ್ತಲ್ಲ ಎಂದು ಒಳಗೊಳಗೇ ಸಿಡಿಮಿಡಿಗೊಳ್ಳುತ್ತಿದ್ದೆ.

ಒಂದು ವರ್ಷ ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯುವ ಗುಂಪಿನವರು, ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಟ್ಟುಕೊಟ್ಟರೆ ಮಾತ್ರ ಕಡಿಯುತ್ತೇವೆ ಎಂದರು. ಎಲೆಯಿಂದ ಕೈ ಕೊಯ್ಯುತ್ತದೆ, ಹಾವಿನ ಭಯ ಬೇರೆ, ಅವರದ್ದೂ ಸುಳ್ಳಲ್ಲ. ನನ್ನ ಗಂಡ ಅವರಿಗಾಗಿ ಕಾದು ಕಾದು ಬೇಸತ್ತಿದ್ದರು. ಗಾಳಿ ನಿಂತ ಸಂಜೆ ನೋಡಿ ಬೆಂಕಿ ಹಚ್ಚಿಬಿಟ್ಟರು. ಹಕ್ಕಿಗಳು ಆಗಲೇ ಒಳಗೆ ಮಲಗಿದ್ದವು. ಕೆಲವು ಹೊಗೆಯಿಂದ ಎದ್ದು ಹಾರಿದವು. ಹಾರದೆ ಉಳಿದವನ್ನು ಮರುದಿನ ಬೂದಿಯಲ್ಲಿ ನೋಡಿದೆವು.

ಅತ್ತೆ ಬೂದಿಯಲ್ಲಿ ಬರಿಗಾಲಲ್ಲಿ ನಡೆದರು. ಕಾಲು ತೊಳೆದುಕೊಂಡು ನೆಟ್ಟಗೆ ಬಸದಿಗೆ ಹೋಗಿ ಬಂದು, “ಅವು ಮತ್ತ ಬಂದು ನಮ್ಮ ಕಬ್ಬಿನ್ಯಾಗ ಮಲಗೋತನಕ ಸಕ್ಕರಿ ಬೆಲ್ಲ ಬಿಟ್ಟೇನಿ,” ಎಂದರು. ನಮ್ಮಲ್ಲಿ ಹೀಗೆ ಒಂದು ರುಚಿಯನ್ನು ಬಿಡುವ ನಿಯಮ ಹೊಸದಲ್ಲ. ಒಬ್ಬರು ತುಪ್ಪ ಬಿಡುತ್ತಾರೆ, ಇನ್ನೊಬ್ಬರು ಉಪ್ಪು. ಆದರೆ ಕಬ್ಬು ಬೆಳೆಯುವ ಮನೆಯಲ್ಲಿ ತಾಯಿ ಸಿಹಿ ಬಿಟ್ಟರೆ ಅದು ಮಗನ ಕೆನ್ನೆಗೆ ಹೊಡೆದ ಹಾಗೆ. ಬೆಳಗಿನ ಚಹಾವನ್ನು ಮಗನಿಗೆ ಅತ್ತೆಯೇ ತಂದು ಕೊಡುತ್ತಿದ್ದರು. ಅಂದಿನಿಂದ ಆ ಕೆಲಸ ನನ್ನ ಪಾಲಿಗೆ ಬಂತು.

ನನ್ನ ಗಂಡ ಮತ್ತೆಂದೂ ಕಬ್ಬಿಗೆ ಬೆಂಕಿ ಹಚ್ಚಲಿಲ್ಲ. ಗುಂಪಿನವರು ನಮ್ಮನ್ನು ಬಿಟ್ಟು ಮುಂದಿನ ಹೊಲಕ್ಕೆ ಹೋದರೂ, ನಿಂತ ಕಬ್ಬು ಒಣಗಿ ತೂಕ ಇಳಿದರೂ ಹಚ್ಚಲಿಲ್ಲ. ಆದರೆ ತಪ್ಪಾಯಿತು ಎಂಬ ಒಂದು ಮಾತು ಇವರ ಬಾಯಿಂದ ಬರಲಿಲ್ಲ. ಅತ್ತೆಯೂ ಕೇಳಲಿಲ್ಲ. ಹಠದಲ್ಲಿ ತಾಯಿಗೆ ತಕ್ಕ ಮಗ. ನಡುವೆ ನಾನು, ಎರಡು ಪಾತ್ರೆಗಳಲ್ಲಿ ಎರಡು ಬಗೆಯ ಚಹಾ ಕುದಿಸುತ್ತ. ದೀಪಾವಳಿಗೆ ಕರ್ಚಿಕಾಯಿ ಮಾಡುವಾಗ ಹೂರಣದ ರುಚಿ ಸರಿಯಿದೆಯೇ ಎಂದು ಕೇಳಲು ಪಕ್ಕದ ಮನೆಗೆ ಓಡಬೇಕಾಗುತ್ತಿತ್ತು.

ಹಕ್ಕಿಗಳು ಪ್ರತಿ ವರ್ಷ ಬಂದವು. ಹಗಲು ನಮ್ಮ ಸಾಲುಗಳಲ್ಲೇ ಮೇಯುತ್ತಿದ್ದವು. ಸಂಜೆ ಮಾತ್ರ ನಮ್ಮ ಕಬ್ಬಿನ ಮೇಲಿಂದಲೇ ದಾಟಿ, ನದಿಯ ದಿಕ್ಕಿಗೆ ಹೋಗಿಬಿಡುತ್ತಿದ್ದವು. “ಹೋದ್ರು,” ಎಂದು ಅತ್ತೆ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದರು. ಬರಬರುತ್ತ ನಾನೂ ದಿನಾ ಹಿತ್ತಲ ಬಾಗಿಲಿಗೆ ಬರತೊಡಗಿದೆ.

ಈ ಸಲ ಹಕ್ಕಿಗಳು ಬಂದ ವಾರದಲ್ಲೇ ಅತ್ತೆಗೆ ವಾಂತಿಭೇದಿ ಹತ್ತಿ, ಕಣ್ಣು ತೆರೆಯಲೂ ತ್ರಾಣವಿಲ್ಲದಂತಾಯಿತು. ಮಿರಜಿನ ಆಸ್ಪತ್ರೆಗೆ ಸೇರಿಸಿದೆವು. ಮಧ್ಯಾಹ್ನ ನರ್ಸ್ ಬಂದು ಹೊಸ ಬಾಟಲಿ ತೂಗುಹಾಕುತ್ತ, “ಆಜಿ, ಗ್ಲೂಕೋಜ್ ಲಾವತೇ,” ಗ್ಲೂಕೋಜ್ ಹಚ್ಚುತ್ತೇನೆ ಎಂದು ಮರಾಠಿಯಲ್ಲಿ ಹೇಳಿದಳು. ಅತ್ತೆಗೆ ಕಣ್ಣು ತೆರೆಯಲು ಅಷ್ಟು ಸಾಕಾಯಿತು.

“ಗ್ಲೂಕೋಜ್ ಅಂದ್ರ ಸಕ್ಕರಿ ಅಲ್ಲೇನವ್ವಾ?” ಎಂದು ನನ್ನನ್ನು ಕೇಳಿದರು.

“ಔಷಧರಿ ಅತ್ತಿ. ಬಾಯಾಗ ಹಾಕೂದಲ್ಲ, ನರಕ್ಕ ಹಾಕೂದು.”

“ಎಲ್ಲಿಂದ ಹೋದ್ರೂ ಸಕ್ಕರಿ ಸಕ್ಕರಿನ,” ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಹೊರಗೆ ಕರೆದು, ರಕ್ತದಲ್ಲಿ ಸಕ್ಕರೆ ತೀರ ಇಳಿದಿದೆ, ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ ಎಂದರು. ಎಚ್ಚರ ತಪ್ಪಿದ ಮೇಲೆ ಯಾರನ್ನೂ ಕೇಳದೆ ಕೊಡಬಹುದು, ಆದರೆ ಅಲ್ಲಿಯವರೆಗೆ ಕಾಯುವುದು ಒಳ್ಳೆಯದಲ್ಲ ಎಂದೂ ಹೇಳಿದರು. ಇವರು ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡರು. ಆಮೇಲೆ ಗಾಡಿಯ ಕೀಲಿ ತೆಗೆದುಕೊಂಡು, “ಹೊಲಕ್ಕ ಹೋಗಿ ನೋಡತೇನಿ,” ಎಂದು ಹೊರಟೇಬಿಟ್ಟರು.

ನನಗೆ ಗೊತ್ತಾಯಿತು: ಹಕ್ಕಿ ಇಳಿದಿರಲಿ ಬಿಡಲಿ, ಇವರು ಇಳಿದವು ಎಂದೇ ಹೇಳುತ್ತಾರೆ. ಹೇಳಲಿ ಎಂದೇ ನಾನೂ ಬೇಡಿಕೊಂಡೆ. ದೇವರಿಗೆ ಸುಳ್ಳನ್ನು ಬೇಡಿದ್ದು ಅದೇ ಮೊದಲು.

ಕಿಟಕಿಯ ಬಿಸಿಲು ಕೆಂಪಾಗುವ ಹೊತ್ತಿಗೆ ಫೋನು ಬಂತು. ಸ್ಪೀಕರ್ ಹಾಕಿ ಅತ್ತೆಯ ದಿಂಬಿನ ಮೇಲಿಟ್ಟೆ.

“ಅವ್ವಾ, ಹೊಲದಾಗ ನಿಂತೇನಿ.”

“ಬಂದ್ರೇನು?”

ಗಾಳಿಗೆ ಕಬ್ಬಿನ ಎಲೆ ಸರಸರ ಎನ್ನುವುದು ಮಾತ್ರ ಕೇಳುತ್ತಿತ್ತು.

“ಇಲ್ಲವ್ವಾ. ಮ್ಯಾಲಿಂದ ಹೊಂಟಾವ. ಇಳೀವಲ್ಲವು. ಆವತ್ತು ಒಳಗ ಅವು ಅದಾವ ಅಂತ ನನಗ ಗೊತ್ತಿತ್ತವ್ವಾ. ಗೊತ್ತಿದ್ದೂ ಹಚ್ಚಿದೆ. ತಪ್ಪಾತು.”

ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಈ ಮಾತನ್ನು ಕೇಳಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಈಗಲೇ ನಿಜ ಹೇಳಬೇಕಿತ್ತೇ ಈ ಮನುಷ್ಯ?

ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. “ಕತ್ತಲಾಗತೈತಿ, ಸಾವಕಾಶ ಬಾ ತಮ್ಮಾ,” ಎಂದರು. ಆಮೇಲೆ ಸೆರಗಿನಿಂದ ಕೈ ಹೊರತೆಗೆದು ಕಾದು ನಿಂತಿದ್ದ ನರ್ಸಿನ ಕಡೆ ಚಾಚಿದರು. “ಹಾಕ್ರಿ. ಇದಕ್ಕ ಪ್ರಾಯಶ್ಚಿತ್ತ ನಾ ಮಾಡ್ಕೋತೇನಿ.”

ಅತ್ತೆ ಚೇತರಿಸಿಕೊಂಡು ಮನೆಗೆ ಬಂದರು. ನಿಯಮ ಹಾಗೇ ಇದೆ, ಹಕ್ಕಿಗಳು ಇವತ್ತಿಗೂ ನಮ್ಮ ಕಬ್ಬನ್ನು ದಾಟಿಯೇ ಹೋಗುತ್ತವೆ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಚಹಾಕ್ಕೆ ಇಡುವಾಗ ಇವರು ಅಡುಗೆಮನೆಯ ಬಾಗಿಲಿಗೆ ಬಂದು, “ಇನ್ನ ಮ್ಯಾಲೆ ನನಗೂ ಸಕ್ಕರಿ ಬ್ಯಾಡ,” ಎಂದರು. ಅತ್ತೆ ಗೋಡೆ ಹಿಡಿದು ಎದ್ದು ಬಂದರು. ನನ್ನ ಕೈಯಿಂದ ಕಪ್ಪು ತೆಗೆದುಕೊಂಡು, ಅಷ್ಟು ವರ್ಷ ಮುಟ್ಟದ ಸಕ್ಕರೆ ಡಬ್ಬಿಯ ಮುಚ್ಚಳ ತೆರೆದು, ತುಂಬಿದ ಚಮಚೆ ಹಾಕಿ ಕದಡಿದರು. ಮಗನ ಮುಂದೆ ಹಿಡಿದು, “ನನ್ನ ನಿಯಮ ನನಗಿರ್ಲಿ. ನೀ ಕುಡಿ,” ಎಂದರು.